ಸಹಾಯ ಬೇಕು: ಸಂಸ್ಥೆಯ ಕಂಪ್ಯೂಟರ್‌ಗಳಲ್ಲಿ ಬೇಕಾಬಿಟ್ಟಿ ಇನ್‌ಸ್ಟಾಲ್ ತಡೆಯುವುದು ಹೇಗೆ?

ನಮಸ್ಕಾರ. ಸಾವಿರಾರು ವಿಂಡೋಸ್ ಕಂಪ್ಯೂಟರ್‌ಗಳಿರುವ ಸಂಸ್ಥೆಯ ಐಟಿ ವಿಭಾಗದಲ್ಲಿದ್ದೇನೆ. ಬಳಕೆದಾರರಿಗೆ ಅಡ್ಮಿನ್ ಹಕ್ಕು ಕೊಟ್ಟಿಲ್ಲ. ಆದರೂ ಬ್ರೌಸರ್, ಚಾಟ್ ಆಪ್‌ಗಳು ಅವರವರ ಆಪ್‌ಡೇಟಾ ಫೋಲ್ಡರ್‌ಗೆ ಇನ್‌ಸ್ಟಾಲ್ ಆಗುತ್ತಲೇ ಇವೆ. ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕಾಗುವುದೇ ಇಲ್ಲ ಅಲ್ವಾ!

ಸದ್ಯ ಆಪ್‌ಲಾಕರ್ ಅನ್ನು (ಯಾವ ಆಪ್ ಓಡಬಹುದು ಅಂತ ನಿಯಮ ಹಾಕುವ ವಿಂಡೋಸ್ ಸೌಲಭ್ಯ) ಆಡಿಟ್ ಮೋಡ್‌ನಲ್ಲಿ, ಅಂದರೆ ಏನನ್ನೂ ತಡೆಯದೆ ದಾಖಲಿಸುವಂತೆ ಇಟ್ಟು, ಲಾಗ್‌ನಲ್ಲಿ 8003 ಸಂಖ್ಯೆಯ ಈವೆಂಟ್‌ಗಳನ್ನು ನೋಡುತ್ತಿದ್ದೇವೆ. ನಿಯಮ ಜಾರಿಯಾದರೆ ಯಾವುದು ನಿಲ್ಲುತ್ತದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಡಿಜಿಟಲ್ ಸಹಿ ಇರುವ ಆಪ್‌ಗಳಿಗೆ ಪಬ್ಲಿಷರ್ ರೂಲ್ (ಸಹಿ ಯಾರದ್ದು ಅಂತ ನೋಡಿ ಬಿಡುವ ನಿಯಮ) ಸಾಕು. ತಲೆನೋವು ಇರುವುದು ಸಹಿ ಇಲ್ಲದ, ನಮ್ಮವರೇ ಬರೆದ ಹಳೆಯ ಟೂಲ್‌ಗಳದ್ದು. ಹ್ಯಾಶ್ ರೂಲ್ (ಫೈಲ್‌ನ ಬೆರಳಚ್ಚಿನಂಥ ಗುರುತು ನೋಡುವ ನಿಯಮ) ಹಾಕಿದರೆ ಪ್ರತಿ ಅಪ್‌ಡೇಟ್‌ಗೂ ಬದಲಿಸಬೇಕು. ಪಾಥ್ ರೂಲ್ (ಫೈಲ್ ಯಾವ ಫೋಲ್ಡರ್‌ನಲ್ಲಿದೆ ಅಂತ ನೋಡುವ ನಿಯಮ) ಸುಲಭ, ಆದರೆ ಬಳಕೆದಾರರು ಫೈಲ್ ಸೇರಿಸಬಹುದಾದ ಫೋಲ್ಡರ್ ಆಗಿದ್ದರೆ ಯಾರು ಬೇಕಾದರೂ ಏನನ್ನಾದರೂ ತಂದು ಓಡಿಸಬಹುದು.

ಆ ಟೂಲ್‌ಗಳಿಗೆ ಸಂಸ್ಥೆಯದೇ ಸರ್ಟಿಫಿಕೇಟ್‌ನಿಂದ ನಾವೇ ಡಿಜಿಟಲ್ ಸಹಿ ಹಾಕುವುದು ಸರಿಯಾದ ದಾರಿ ಅನ್ನಿಸುತ್ತದೆ. ದೊಡ್ಡ ಸಂಸ್ಥೆಯಲ್ಲಿ ಹೀಗೆ ಮಾಡಿದವರು ಇದ್ದೀರಾ? ಡೆವಲಪರ್‌ಗಳು ದಿನಾ ಹೊಸ ಬಿಲ್ಡ್ (ಆಪ್‌ನ ಹೊಸ ಆವೃತ್ತಿ) ತೆಗೆಯುತ್ತಾರೆ, ಅವರಿಗೆ ಬೇರೆ ಪಾಲಿಸಿ ಇಟ್ಟಿದ್ದೀರಾ? ಯಾರ ಕೆಲಸವೂ ನಿಲ್ಲಬಾರದು, ನನಗೆ ಜಾಸ್ತಿ ಚಿಂತೆ ಅದೇ. ಹೊಸ ಆಪ್ ಕೇಳಿದವರಿಗೆ ಎಷ್ಟು ಬೇಗ ಒಪ್ಪಿಗೆ ಕೊಡುತ್ತೀರಿ ಅಂತಲೂ ದಯವಿಟ್ಟು ತಿಳಿಸಿ.