ಮರು: ಬೋರ್ಡಿಗೆ ಪದ ಬೇಕು (ಟ್ಯಾಪೆಸ್ಟ್ರಿ ಕ್ರೋಶಾ, ಮಣಿ, ಫೆಲ್ಟಿಂಗ್)

ಮೇಡಂ, ಕೊಕ್ಕೆಯಿಂದ ಬಣ್ಣದ ಚಿತ್ರ ಹೆಣೆಯುವ ಟ್ಯಾಪೆಸ್ಟ್ರಿ ಕ್ರೋಶಾ, ಅದರಲ್ಲಿ ಮಣಿ ಕೂರಿಸುವುದು, ಉಣ್ಣೆಯನ್ನು ಉಜ್ಜಿ ದಟ್ಟವಾಗಿಸುವ ಫೆಲ್ಟಿಂಗ್, ಇವನ್ನು ಕಲಿಸುವ ಬೋರ್ಡಿಗೆ ಕನ್ನಡ ಪದ ಕೇಳಿದ್ದೀರಿ. ಬೋರ್ಡ್ ಬರೆಯುವವರು ನಾಳೆ ಬೆಳಿಗ್ಗೆಯೇ ಬರುತ್ತಾರೆ ಅಂದಿದ್ದೀರಿ. ಅದಕ್ಕೇ ಮೊದಲು ಉತ್ತರ: ‘ಚಿತ್ರ ಕ್ರೋಶಾ ಕಲಿಯಿರಿ: ಮಣಿ ಕೂರಿಸುವುದು, ಉಣ್ಣೆ ಜಡೆಗಟ್ಟಿಸುವುದು’. ಮೈಸೂರಿನ ಸರಸ್ವತಿಪುರಂನಲ್ಲಿ ದಾರಿಯಲ್ಲಿ ಹೋಗುವವರಿಗೆ ಇಷ್ಟು ಸಾಕು.

ಟ್ಯಾಪೆಸ್ಟ್ರಿ ಕ್ರೋಶಾಕ್ಕೆ ಇಲ್ಲಿ ಬೇರೆಯವರು ಸೂಚಿಸಿದ ‘ಚಿತ್ರನೇಯ್ಗೆ’ ತಪ್ಪು. ನೇಯ್ಗೆ ಅಂದರೆ ಮಗ್ಗ, ಹಾಸು (ಉದ್ದ ಎಳೆ), ಹೊಕ್ಕು (ಅಡ್ಡ ಎಳೆ). ಇಲ್ಲಿ ಮೂರೂ ಇಲ್ಲ. ‘ಕಸೂತಿ’ಯೂ ಬೇಡ. ಕಸೂತಿಗೆ ಮೊದಲೇ ಬಟ್ಟೆ ಇರಬೇಕು, ಇಲ್ಲಿ ಕೊಕ್ಕೆಯಿಂದಲೇ ಬಟ್ಟೆ ಹುಟ್ಟುತ್ತದೆ. ಕೆಂಪು ನೂಲಲ್ಲಿ ಕುಣಿಕೆ ಹಾಕುತ್ತಾ ಹೋದರೆ ಬಿಳಿ ನೂಲು ಆ ಕುಣಿಕೆಗಳ ಹೊಟ್ಟೆಯೊಳಗೇ ಸಾಗುತ್ತದೆ. ಬಣ್ಣ ಬದಲಿಸಿದಾಗ ಬಿಳಿ ಮೇಲೆ ಬರುತ್ತದೆ, ಕೆಂಪು ಒಳಗೆ ಅಡಗುತ್ತದೆ. ಇದು ಹೆಣೆಯುವ ಕೆಲಸ. ಆದರೆ ಬರೀ ‘ಹೆಣಿಗೆ’ ಅಂದರೆ ಜನಕ್ಕೆ ಎರಡು ಕಡ್ಡಿ, ಸ್ವೆಟರ್ ನೆನಪಾಗುತ್ತದೆ. ಕ್ರೋಶಾ ಇರಲಿ.

ಮಣಿಗೆ ‘ಪೋಣಿಸು’ ಅಂದವರು ಅರ್ಧ ಸರಿ. ಶುರುವಿಗೇ ಎಲ್ಲಾ ಮಣಿ ನೂಲಿಗೆ ಪೋಣಿಸಿಕೊಳ್ಳುತ್ತೇವೆ. ಆಮೇಲೆ ಬೇಕಾದ ಕುಣಿಕೆಗೆ ಒಂದೊಂದಾಗಿ ಕೂರಿಸುತ್ತೇವೆ. ಕಲಿಯಬೇಕಾದದ್ದು ಎರಡನೆಯದು.

ಇನ್ನು ಫೆಲ್ಟಿಂಗ್‌ಗೆ ‘ಒತ್ತುಣ್ಣೆ’. ಸೂಚಿಸಿದವರು ಅದು ಅಚ್ಚಗನ್ನಡ ಅಂತ ವಾದಿಸಿದ್ದಾರೆ. ಉಣ್ಣೆ ಸಂಸ್ಕೃತದ ‘ಊರ್ಣಾ’ದಿಂದ ಬಂದದ್ದು. ಅಚ್ಚಗನ್ನಡವೇ ಬೇಕಿದ್ದರೆ ಉಣ್ಣೆಗೆ ‘ತುಪ್ಪಟ’ ಇತ್ತಲ್ವಾ? ಹೋಗಲಿ, ಅರ್ಥವೂ ಕೂಡುವುದಿಲ್ಲ. ಸುಮ್ನೆ ಒತ್ತಿದರೆ ಫೆಲ್ಟ್ ಆಗುವುದಿಲ್ಲ. ಬಿಸಿನೀರು, ಸಾಬೂನು ಹಾಕಿ ಉಜ್ಜಬೇಕು. ಆಗ ಎಳೆಗಳ ಮೇಲಿನ ಸಣ್ಣ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡುವುದಿಲ್ಲ. ಮಂಡ್ಯದ ನಮ್ಮ ಮನೆಯಲ್ಲಿ ಅಜ್ಜಿಯ ಉಣ್ಣೆ ಶಾಲನ್ನು ನಾನೇ ಹಂಡೆಯ ಬಿಸಿನೀರಲ್ಲಿ ತಿಕ್ಕಿ ಒಗೆದಿದ್ದೆ. ಒಣಗುವಷ್ಟರಲ್ಲಿ ಅದು ಮಗುವಿಗೆ ಹೊದಿಸುವಷ್ಟಾಗಿ, ರಟ್ಟಿನ ಹಾಗೆ ನಿಂತಿತು. ಅಜ್ಜಿ ಮುಟ್ಟಿ ನೋಡಿ, “ಜಡೆಗಟ್ಟೋಯ್ತಲ್ಲವ್ವಾ” ಅಂದರು. ಫೆಲ್ಟಿಂಗ್‌ಗೆ ಇದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ.

‘ಜಡೆ’ಯ ಮೂಲ ‘ಜಟಾ’ ಅನ್ನುವುದು ಗೊತ್ತು. ಕ್ರೋಶಾ ಫ್ರೆಂಚಿನದು, ಸಾಬೂನೂ ಹೊರಗಿನದು. ಅಜ್ಜಿಯ ಬಾಯಲ್ಲಿ ಪಳಗಿದ ಪದವನ್ನು ಮೂಲ ನೋಡಿ ಹೊರಹಾಕುವುದನ್ನು ನಾನು ಒಪ್ಪುವುದಿಲ್ಲ.

ಮೇಡಂ, ಬೋರ್ಡಿನ ಕೆಳಗೆ ಇನ್ನೊಂದು ಸಾಲು ಬರೆಸಿ: ‘ಕುರಿ ಉಣ್ಣೆಯ ನೂಲೇ ತನ್ನಿ’. ಅಕ್ರಿಲಿಕ್, ಹತ್ತಿ ಎಷ್ಟು ಉಜ್ಜಿದರೂ ಜಡೆಗಟ್ಟುವುದಿಲ್ಲ.