ಮಂಜುಗಡ್ಡೆಯ ಅಡಿಯಲ್ಲಿ ಕ್ರಿಲ್ ಮರಿಗಳು ಚಳಿಗಾಲ ಕಳೆಯುವುದು ಹೇಗೆ?

ಪ್ರಶ್ನೆ

ಅಂಟಾರ್ಕ್ಟಿಕಾದ ಕಡಲಿನಲ್ಲಿ ಬೇಸಿಗೆಯಲ್ಲಿ ಹುಟ್ಟುವ ಕ್ರಿಲ್ (ಸೀಗಡಿಯನ್ನು ಹೋಲುವ ಪುಟ್ಟ ಕಡಲಜೀವಿ) ಮರಿಗಳು ಕೆಲವೇ ತಿಂಗಳುಗಳಲ್ಲಿ ಕತ್ತಲ ಚಳಿಗಾಲಕ್ಕೆ ಸಿಲುಕುತ್ತವೆ. ಆಗ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ ಬಹಳ ವಿರಳವಾಗಿರುತ್ತದೆ. ಬೆಳೆದ ಕ್ರಿಲ್ ಪ್ರಯೋಗಾಲಯದಲ್ಲಿ 200 ದಿನಗಳಿಗೂ ಹೆಚ್ಚು ಕಾಲ ಉಪವಾಸವಿದ್ದು ಬದುಕಿದೆ ಎಂದು ಓದಿದ್ದೇನೆ. ಮರಿಗಳಿಗೂ ಅಂತಹ ಸಾಮರ್ಥ್ಯವಿದೆಯೇ? ಇಲ್ಲದಿದ್ದರೆ ಅವು ಏನನ್ನು ತಿನ್ನುತ್ತವೆ?

ಉತ್ತರ 1

ಮರಿಗಳಿಗೆ ಆ ಸಾಮರ್ಥ್ಯವಿಲ್ಲ. ಬೆಳೆದ ಕ್ರಿಲ್ ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿಕೊಳ್ಳುತ್ತದೆ. ಅದೂ ಸಾಲದಿದ್ದರೆ ಪೊರೆ ಕಳಚುವಾಗ ದೇಹವನ್ನೇ ಕುಗ್ಗಿಸಿಕೊಳ್ಳುತ್ತದೆ. ಮರಿಯ ಕಥೆ ಬೇರೆ. ಮೊಟ್ಟೆಯು ನೂರಾರು ಮೀಟರ್ ಆಳಕ್ಕೆ ಮುಳುಗಿ ಅಲ್ಲಿ ಒಡೆಯುತ್ತದೆ, ಮರಿಯು ಮೊಟ್ಟೆಯಿಂದ ಬಂದ ಪೋಷಕಾಂಶವನ್ನೇ ನಂಬಿ ಮೇಲಕ್ಕೆ ಈಜುತ್ತದೆ, ಮೇಲ್ಪದರವನ್ನು ಸೇರುವ ಹೊತ್ತಿಗೆ ತಾನೇ ಆಹಾರ ಹುಡುಕತೊಡಗುತ್ತದೆ. ಚಳಿಗಾಲ ಬರುವಾಗ ಅದು ಫರ್ಸಿಲಿಯಾ ಎಂಬ ಹಂತದಲ್ಲಿದ್ದು, ಕೊಬ್ಬಿನ ಸಂಗ್ರಹ ಅತ್ಯಲ್ಪವಾಗಿರುವುದರಿಂದ ತಿನ್ನದೆ ಹೆಚ್ಚು ಕಾಲ ಉಳಿಯಲಾರದು. ಮಂಜುಗಡ್ಡೆಯ ತಳಭಾಗದಲ್ಲಿ ಬೆಳೆಯುವ ಪಾಚಿಯನ್ನು ಮುಂಗಾಲುಗಳಿಂದ ಕೆರೆದು ತಿನ್ನುವುದು ಅದಕ್ಕಿರುವ ಮುಖ್ಯ ದಾರಿಯೆಂದು ಬಹುಕಾಲದಿಂದ ಹೇಳಲಾಗುತ್ತಿದೆ.

ಉತ್ತರ 2

ಮೇಲಿನ ಉತ್ತರದ ಕೊನೆಯ ಮಾತನ್ನು ಹಾಗೆಯೇ ಒಪ್ಪಲಾಗದು. 2013ರ ಚಳಿಗಾಲದಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗಿನಲ್ಲಿ ವೆಡೆಲ್ ಸಮುದ್ರದ ಕಡೆಗೆ ತೆರಳಿದ ಸಂಶೋಧಕರು ಮಂಜುಗಡ್ಡೆಯ ಕೆಳಗೆ ಮುಳುಗಿ ನೋಡಿದಾಗ, ದಟ್ಟವಾದ ಮಂಜುಗಡ್ಡೆಯ ವಲಯದಲ್ಲಿ ಮರಿಗಳಿಗೆ ದೊರೆಯುವ ಆಹಾರ ಕಡಿಮೆಯೆಂದೇ ಕಂಡುಬಂದಿತು. ಆದರೂ ಮರಿಗಳು ಹಗಲಿನಲ್ಲಿ ಅಲ್ಲಿಯೇ ಗುಂಪುಗೂಡಿರುತ್ತಿದ್ದವು. ಹಲಗೆಗಳಂತೆ ಒಂದರ ಮೇಲೊಂದು ಏರಿ ಕುಳಿತ ಮಂಜುಗಡ್ಡೆಗಳ ಅಡಿಯಲ್ಲಿ ಉಂಟಾಗುವ ಮೆಟ್ಟಿಲು, ಸಂದು, ಪೊಳ್ಳುಗಳು ಅವುಗಳಿಗೆ ಬೇಟೆಗಾರ ಪ್ರಾಣಿಗಳಿಂದ ಮರೆಯನ್ನು ಒದಗಿಸುತ್ತವೆ. ಮಂಜಿನಿಂದ ಬಿಡುಗಡೆಯಾಗುವ ಸಾವಯವ ಕಣಗಳೂ ಅಲ್ಲಿಯೇ ಸಂಗ್ರಹವಾಗುತ್ತವೆ. ಪಾಚಿ ಸಾಲದಾದಾಗ ಸೂಕ್ಷ್ಮಪ್ರಾಣಿಗಳೂ ಕೋಪೆಪಾಡ್ ಎಂಬ ಅತಿ ಚಿಕ್ಕ ಕಠಿಣಚರ್ಮಿ ಜೀವಿಗಳೂ ಅವುಗಳ ಆಹಾರವಾಗುತ್ತವೆ. ಹೀಗಾಗಿ ದಟ್ಟ ಮಂಜನ್ನು ಉಗ್ರಾಣ ಎನ್ನುವುದಕ್ಕಿಂತ ಆಶ್ರಯ ಎನ್ನುವುದೇ ಸರಿಯೆಂದು ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಅವು ರಾತ್ರಿಯೂ ಆ ಸಂದುಗಳಲ್ಲಿಯೇ ಇರುತ್ತವೆಯೇ? ಮಂಜು ಕಡಿಮೆಯಾದರೆ ಬೆಳಕು ಹೆಚ್ಚಿ, ಆಹಾರವೂ ಹೆಚ್ಚಬೇಕಲ್ಲವೇ?

ಉತ್ತರ 2

ರಾತ್ರಿ ಅವು ಮಂಜನ್ನು ಬಿಟ್ಟು ನೀರಿನ ಮೇಲಿನ ಸುಮಾರು 20 ಮೀಟರ್‌ಗಳಲ್ಲಿ ಚದುರುತ್ತವೆ. ಎರಡನೆಯ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ: ಮಂಜು ವಿರಳವಾಗಿರುವ ಅಂಚಿನ ವಲಯದಲ್ಲಿ ಆಹಾರ ಹೆಚ್ಚು, ಮರಿಗಳ ಬೆಳವಣಿಗೆಯೂ ಚುರುಕು ಎಂದು ಅದೇ ಸಂಶೋಧನೆ ತೋರಿಸಿತು. ಆದರೆ ಹೆಚ್ಚು ದಕ್ಷಿಣಕ್ಕೆ ಹೋದಂತೆ ಚಳಿಗಾಲದ ಬೆಳಕೇ ಸಾಲದು. ಅಲ್ಲಿ ಮಂಜು ಇಲ್ಲವಾದರೆ ಪಾಚಿ ಹೆಚ್ಚದು, ಮರೆ ಮಾತ್ರ ಹೋಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಅಂಟಾರ್ಕ್ಟಿಕಾದ ಸಮುದ್ರಮಂಜಿನ ವಾರ್ಷಿಕ ಗರಿಷ್ಠ ವಿಸ್ತಾರವು ಸುಮಾರು 1.7 ಕೋಟಿ ಚದರ ಕಿಲೋಮೀಟರ್‌ಗೆ ಇಳಿದು, ಉಪಗ್ರಹ ದಾಖಲೆಗಳಲ್ಲಿಯೇ ಅತಿ ಕಡಿಮೆಯಾಯಿತು. ಇದರ ಪರಿಣಾಮವನ್ನು ಅಳೆಯುವಾಗ ಮಂಜಿನ ವಿಸ್ತಾರವೊಂದನ್ನೇ ನೋಡಿದರೆ ಸಾಲದು. ಅದು ಯಾವ ಅಕ್ಷಾಂಶದಲ್ಲಿದೆ, ಯಾವಾಗ ಹೆಪ್ಪುಗಟ್ಟಿತು, ಅದರ ತಳ ನುಣುಪಾಗಿದೆಯೇ ಅಥವಾ ಸಂದುಗೊಂದುಗಳಿಂದ ಕೂಡಿದೆಯೇ ಎಂಬುದನ್ನೂ ಗಮನಿಸಬೇಕಾಗುತ್ತದೆ.