ಸಬ್‌ವೂಫರ್ ಗ್ರಾಫ್‌ನಲ್ಲಿ 47 ಹರ್ಟ್ಜ್ ಹತ್ತಿರ ದೊಡ್ಡ ಹೊಂಡ, 40ರ ಕೆಳಗೆ ಏನೂ ಇಲ್ಲ. ಡ್ರೈವರ್ ಡೂಪ್ಲಿಕೇಟಾ?

ಹುಬ್ಬಳ್ಳಿ_ಥಿಯೇಟರ್:
ತಲೆ ಕೆಟ್ಟು ಹೋಗಿದೆ. ಸಬ್‌ವೂಫರಿಗೆ ಹೊಸ 12 ಇಂಚಿನ ಡ್ರೈವರ್ (ಬಾಸ್ ನುಡಿಸೋ ಸ್ಪೀಕರ್) ತಂದು ಬಾಕ್ಸ್ ಮಾಡಿಸಿದೆ. 25 ಹರ್ಟ್ಜ್‌ವರೆಗೆ ಹೋಗುತ್ತೆ ಅಂದಿದ್ದರು. ಅಳೆದು ನೋಡಿದರೆ 47ರ ಬಳಿ 18 ಡಿಬಿ ಹೊಂಡ. 56ರ ಹತ್ತಿರ ಇನ್ನೊಂದು ಸಣ್ಣದು. 40ರ ಕೆಳಗೆ ಗೆರೆ ಜಾರುಬಂಡೆ ಥರ ಇಳಿದು ಹೋಗಿದೆ. ಅಂಗಡಿಯವರು ವಾಪಸ್ ತಗೊಳಲ್ಲ ಅಂತಾರೆ. ಡ್ರೈವರ್ ಅಸಲಿಯೋ ನಕಲಿಯೋ ಹೇಗೆ ಗೊತ್ತಾಗೋದು? ಯಾರಾದ್ರೂ ಹೇಳಿ.

ಕುಂದಾಪುರ_ಆಡಿಯೊ:
ಯಾವ ಮೈಕ್? ಎಲ್ಲಿಟ್ಟಿದ್ರಿ? ಬಾಕ್ಸ್ ಸೀಲ್ಡೋ (ಪೂರ್ತಿ ಮುಚ್ಚಿದ್ದು) ಪೋರ್ಟೆಡ್ಡೋ (ಗಾಳಿ ಆಡೋ ಪೈಪ್ ಇರೋದು)? ರೂಮ್ ಅಳತೆ ಎಷ್ಟು? ಇದು ಯಾವುದೂ ಇಲ್ಲದೆ ಡ್ರೈವರ್ ಮೇಲೆ ತಪ್ಪು ಹೊರಿಸೋಕಾಗಲ್ಲ ಮಾರಾಯ್ರೆ.

ವೈರಿಂಗ್_ರಾಜು:
ಪೊಲಾರಿಟಿ ಉಲ್ಟಾ ಆಗಿದೆ. ಪ್ಲಸ್ ಮೈನಸ್ ಬದಲಿಸಿ ನೋಡಿ. ನೂರಕ್ಕೆ ತೊಂಬತ್ತು ಕೇಸ್ ಇದೇ.

ಹುಬ್ಬಳ್ಳಿ_ಥಿಯೇಟರ್:
ಬದಲಿಸಿದೆ ರಾಜಣ್ಣ, ಹೊಂಡ ಹಾಗೇ ಇದೆ. ಸಬ್ಬಿನ ಫೇಸ್ ನಾಬ್ (ಶಬ್ದದ ಅಲೆಯನ್ನು ಹಿಂದೆ ಮುಂದೆ ಸರಿಸೋದು) ಕೂಡ ತಿರುಗಿಸಿ ನೋಡಿದೆ. ಬಾಕ್ಸ್ ಪೋರ್ಟೆಡ್, 4 ಇಂಚಿನ ಪೈಪ್. ರೂಮ್ 12 ಅಡಿ ಉದ್ದ, 10 ಅಡಿ ಅಗಲ. ಸಬ್ ಮುಂದಿನ ಮೂಲೆಯಲ್ಲಿದೆ. ಮೈಕ್ ನಾನು ಕೂರುವ ಜಾಗದಲ್ಲಿ, ರೂಮಿನ ನಡುವೆ. ಫೋನ್ ಆ್ಯಪ್‌ನಲ್ಲಿ ಅಳೆದಿದ್ದು.

ಕುಂದಾಪುರ_ಆಡಿಯೊ:
ಫೋನಾ! ಇದನ್ನ ಮೊದಲೇ ಹೇಳಬೇಕಿತ್ತು. ಫೋನಿನ ಮೈಕ್ ಇರೋದು ಮಾತಿಗೆ. ಗಾಳಿ ಸದ್ದು ಬರಬಾರದು ಅಂತ ತುಂಬಾ ಫೋನುಗಳಲ್ಲಿ ಕೆಳಗಿನ ಬಾಸ್ ಕತ್ತರಿಸಿರುತ್ತಾರೆ. ನಿಮ್ಮ 40ರ ಕೆಳಗಿನ ಜಾರುವಿಕೆಯಲ್ಲಿ ಫೋನಿನದ್ದು ಎಷ್ಟು, ಸಬ್‌ದು ಎಷ್ಟು ಅಂತ ಬೇರ್ಪಡಿಸೋದು ಕಷ್ಟ. ಯಾರ ಹತ್ರ ಆದ್ರೂ ಯುಮಿಕ್-1 ಥರದ ಯುಎಸ್‌ಬಿ ಮೈಕ್ ಇದ್ದರೆ ಕೇಳಿ. ಆ ಮೈಕಿನ ಸೀರಿಯಲ್ ನಂಬರಿನ ಕ್ಯಾಲಿಬ್ರೇಶನ್ ಫೈಲನ್ನೇ (ಮೈಕಿನ ಏರುಪೇರು ಸರಿಪಡಿಸೋದು) ಆರ್‌ಇಡಬ್ಲ್ಯೂ ಅನ್ನೋ ಅಳತೆ ಸಾಫ್ಟ್‌ವೇರಿಗೆ ಹಾಕಿ.

ಹೊಂಡದ ವಿಷಯ ಬೇರೆ. 12 ಅಡಿ ಅಂದರೆ 3.66 ಮೀಟರ್. ಶಬ್ದದ ವೇಗ 344ನ್ನು ಅದರ ಎರಡರಷ್ಟರಿಂದ ಭಾಗಿಸಿ. 47 ಬಂತಲ್ವಾ? ಅದು ನಿಮ್ಮ ರೂಮಿನ ಉದ್ದದ ಮೊದಲ ಮೋಡ್, ಅಂದರೆ ಎರಡು ಗೋಡೆಗಳ ನಡುವೆ ಶಬ್ದದ ಅಲೆ ನಿಂತುಬಿಡೋ ಹರ್ಟ್ಜ್. ಅದರ ಒತ್ತಡ ಎರಡೂ ಗೋಡೆ ಬಳಿ ಜಾಸ್ತಿ, ಸರಿ ನಡುವೆ ಸೊನ್ನೆ. ನೀವು ಕೂತಿರೋದು ಆ ಸೊನ್ನೆಯಲ್ಲೇ. 10 ಅಡಿಗೆ ಲೆಕ್ಕ ಹಾಕಿದರೆ 56 ಬರುತ್ತೆ. ಅಗಲದಲ್ಲೂ ನಡುವೆ ಕೂತಿದ್ದೀರಿ.

ವೈರಿಂಗ್_ರಾಜು:
ಎಲ್ಲದಕ್ಕೂ ರೂಮ್ ಮೋಡ್ ಅಂತೀರಿ. ಸಬ್ಬೂ ಮೇನ್ ಸ್ಪೀಕರ್ರೂ ಒಂದಕ್ಕೊಂದು ಹೊಡೆದಾಡಿದರೂ ಹೊಂಡ ಬರುತ್ತೆ. ನಾನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಸಬ್ ವೈರ್ ಬಿಡಿ, ಮೇನ್ ಸ್ಪೀಕರ್ ವೈರ್ ಬದಲಿಸಿದ್ರಾ?

ಕುಂದಾಪುರ_ಆಡಿಯೊ:
ಸಬ್ ಒಂದೇ ನುಡಿಯುತ್ತಿದ್ದರೆ ಪೊಲಾರಿಟಿಯಿಂದ ಗ್ರಾಫ್ ಬದಲಾಗೋದೇ ಇಲ್ಲ ರಾಜು ಅವರೇ.

ಹುಬ್ಬಳ್ಳಿ_ಥಿಯೇಟರ್:
ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ, ಅಲ್ಲಿಂದ ರಿಸೀವರ್. ಲೆಫ್ಟ್ ಚಾನೆಲ್‌ಗೆ ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಏರೋ ಟೆಸ್ಟ್ ಶಬ್ದ) ಕೊಟ್ಟೆ. ಲೆಫ್ಟ್ ಸ್ಪೀಕರ್ ಕೂಡ ನುಡಿಯುತ್ತಿತ್ತು. ಎಲ್ಲರೂ ಹಾಗೇ ಮಾಡಲ್ವಾ? ಕ್ರಾಸ್‌ಓವರ್ (ಸಬ್‌ಗೂ ಸ್ಪೀಕರಿಗೂ ಶಬ್ದ ಹಂಚೋ ಗಡಿ) 80 ಹರ್ಟ್ಜ್.

ವೈರಿಂಗ್_ರಾಜು:
ನೋಡಿ! ಅದನ್ನೇ ನಾನು ಹೇಳಿದ್ದು.

ಕುಂದಾಪುರ_ಆಡಿಯೊ:
80ರ ಸುತ್ತ ಹೊಂಡ ಇದ್ದಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ. 80ಕ್ಕೆ ಕ್ರಾಸ್‌ಓವರ್ ಇಟ್ಟಾಗ 47ರಲ್ಲಿ ಲೆಫ್ಟ್ ಸ್ಪೀಕರ್ ಸುಮಾರು 10 ಡಿಬಿ ಕೆಳಗಿರುತ್ತೆ. ಪೂರ್ತಿ ಉಲ್ಟಾ ಇದ್ದರೂ ಅದರಿಂದ 3-4 ಡಿಬಿ ಹೋಗಬಹುದು. 18 ಹೋಗಲ್ಲ. ಸ್ಪೀಕರ್ ವೈರ್ ಕಳಚಿ ಸಬ್ ಒಂದನ್ನೇ ಅಳೆಯಿರಿ. ಸಬ್ ಹಿಂದಿನ ಲೋ-ಪಾಸ್ ನಾಬ್ (ಬಾಸ್‌ಗಿಂತ ಮೇಲಿನದ್ದನ್ನು ಕತ್ತರಿಸೋದು) ಪೂರ್ತಿ ಮೇಲಕ್ಕೆ ಇರಲಿ. ಇಲ್ಲದಿದ್ದರೆ ರಿಸೀವರಿನ ಫಿಲ್ಟರ್ ಮೇಲೆ ಅದೂ ಸೇರಿಕೊಳ್ಳುತ್ತೆ.

ಡಬಲ್18_ಮೈಸೂರು:
ನಮ್ಮ ಮನೇಲಿ ಎರಡು 18 ಇಂಚು, ಎರಡೂ ಸೀಲ್ಡ್. 15 ಹರ್ಟ್ಜ್‌ಗೆ ಕಿಟಕಿ ಗಾಜು ನಡುಗುತ್ತೆ. ಬಾಕ್ಸ್ 25 ಎಂಎಂ ಎಂಡಿಎಫ್ (ಒತ್ತಿದ ಮರದ ನಾರಿನ ಹಲಗೆ), ಒಳಗೆ ಅಡ್ಡಪಟ್ಟಿ ಕೊಟ್ಟಿದ್ದೇನೆ. 12 ಇಂಚು ಇಟ್ಟುಕೊಂಡು 25 ಹರ್ಟ್ಜ್ ಹುಡುಕೋದಕ್ಕಿಂತ ದೊಡ್ಡ ಡ್ರೈವರ್ ತಗೊಳಿ.

ಕುಂದಾಪುರ_ಆಡಿಯೊ:
ನಮ್ಮ ಕಡೆ ಮಳೆಗಾಲದಲ್ಲಿ ಎಂಡಿಎಫ್ ಅಂಚು ಊದಿಕೊಳ್ಳುತ್ತೆ. ಪ್ಲೈವುಡ್ಡೇ ಸರಿ.

ಡಬಲ್18_ಮೈಸೂರು:
ಸರಿಯಾಗಿ ಸೀಲರ್ ಹೊಡೆದರೆ ಏನೂ ಆಗಲ್ಲ. ಪ್ಲೈನಲ್ಲಿ ಒಳಗೆ ಟೊಳ್ಳು ಸಿಗುತ್ತೆ, ಆಮೇಲೆ ಅದೇ ಗುಂಯ್ ಅನ್ನುತ್ತೆ.

ಹುಬ್ಬಳ್ಳಿ_ಥಿಯೇಟರ್:
ದಯವಿಟ್ಟು ನನ್ನ ಸಮಸ್ಯೆಗೆ ಬನ್ನಿ. ಗೆಳೆಯನಿಂದ ಯುಎಸ್‌ಬಿ ಮೈಕ್ ಬರ್ತಿದೆ. ಡ್ರೈವರ್ ಅಸಲಿ ಅಂತ ಖಚಿತ ಮಾಡ್ಕೊಳೋದು ಹೇಗೆ?

ಕುಂದಾಪುರ_ಆಡಿಯೊ:
ರೂಮನ್ನು ಲೆಕ್ಕದಿಂದ ತೆಗೆಯಬೇಕು. ಅದಕ್ಕೆ ನಿಯರ್‌ಫೀಲ್ಡ್ ಅಳತೆ. ಸ್ಪೀಕರ್ ಎಂಜಿನಿಯರ್ ಡಿ. ಬಿ. ಕೀಲ್ 1974ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಮೈಕನ್ನು ಡ್ರೈವರಿನ ಕೋನಿನ (ಅಲುಗಾಡೋ ಬಟ್ಟಲಿನ) ನಡುವೆ 1 ಸೆಂಟಿಮೀಟರ್ ದೂರದಲ್ಲಿಡಿ. ಕೋನ್ ಮುಂದೆ ಬಂದಾಗ ತಾಗದಂತೆ ವಾಲ್ಯೂಮ್ ಕಮ್ಮಿ ಇರಲಿ. ಅಷ್ಟು ಹತ್ತಿರದಲ್ಲಿ ನೇರ ಶಬ್ದ ಎಷ್ಟು ಜೋರು ಅಂದರೆ ಗೋಡೆಯಿಂದ ವಾಪಸ್ ಬಂದದ್ದು ಲೆಕ್ಕಕ್ಕೇ ಬರಲ್ಲ. ಆಮೇಲೆ ಮೈಕನ್ನು ಪೋರ್ಟಿನ ಬಾಯಿಗೆ ಸರಿಯಾಗಿಟ್ಟು, ವಾಲ್ಯೂಮ್ ಮುಟ್ಟದೆ ಇನ್ನೊಂದು ಸ್ವೀಪ್ ಮಾಡಿ. ವಿಂಡೋಸ್‌ನಲ್ಲಿ ಮೈಕ್ ಎನ್‌ಹ್ಯಾನ್ಸ್‌ಮೆಂಟ್, ನಾಯ್ಸ್ ಸಪ್ರೆಶನ್ ಎಲ್ಲ ಆಫ್ ಮಾಡಿ. ಸ್ವೀಪನ್ನೇ ಗದ್ದಲ ಅಂದುಕೊಂಡು ಅದು ಅಳಿಸಿ ಹಾಕುತ್ತೆ.

ಹುಬ್ಬಳ್ಳಿ_ಥಿಯೇಟರ್:
ಕೋನ್ ಅಳತೆ ಬಂತು. 47, 56 ಎರಡೂ ಕಡೆ ಹೊಂಡ ಮಾಯ. ಆದರೆ ಈಗ 27 ಹರ್ಟ್ಜ್‌ನಲ್ಲಿ ಹೊಸ ಹೊಂಡ! ಡ್ರೈವರ್ ಹಾಳು ಅಂತ ಇದಕ್ಕೇ ಹೇಳಿದ್ದು.

ಕುಂದಾಪುರ_ಆಡಿಯೊ:
ಇಲ್ಲ, ಅದು ಇರಲೇಬೇಕು. 27 ನಿಮ್ಮ ಬಾಕ್ಸಿನ ಟ್ಯೂನಿಂಗ್. ಅಲ್ಲಿ ಪೋರ್ಟ್ ಒಳಗಿನ ಗಾಳಿಯೇ ಶಬ್ದ ಮಾಡೋದು, ಕೋನ್ ಬಹುತೇಕ ನಿಂತಿರುತ್ತೆ. 27 ಹರ್ಟ್ಜ್ ಟೋನ್ ಹಾಕಿ ಕೋನ್ ನೋಡಿ, ಕಣ್ಣಿಗೇ ಕಾಣುತ್ತೆ. ಪೋರ್ಟಿನ ಗ್ರಾಫ್ ಅದೇ ಜಾಗದ ಸುತ್ತ ಎತ್ತರ ಇರುತ್ತೆ. ಎರಡನ್ನೂ ಕೂಡಿಸುವ ಮೊದಲು ಪೋರ್ಟನ್ನು 8 ಡಿಬಿ ಇಳಿಸಿ. ಯಾಕಂದ್ರೆ ಪೋರ್ಟ್ 4 ಇಂಚು, ಕೋನಿನ ಅಲುಗಾಡುವ ಭಾಗ ಸುಮಾರು 10 ಇಂಚು. ಕೂಡಿಸುವಾಗ ಫೇಸ್ ಸಮೇತ ಕೂಡಿಸಬೇಕು.

ಹುಬ್ಬಳ್ಳಿ_ಥಿಯೇಟರ್:
ಕೂಡಿಸಿದೆ. 27ರವರೆಗೆ ಹೆಚ್ಚು ಕಮ್ಮಿ ಸಮ, ಅದರ ಕೆಳಗೆ ಧಡಕ್ಕನೆ ಬೀಳುತ್ತೆ.

ಕುಂದಾಪುರ_ಆಡಿಯೊ:
ಪೋರ್ಟೆಡ್ ಬಾಕ್ಸ್ ಹಾಗೇ. ಟ್ಯೂನಿಂಗ್ ಕೆಳಗೆ ಆಕ್ಟೇವ್‌ಗೆ (ಹರ್ಟ್ಜ್ ಅರ್ಧ ಆದಾಗಲೆಲ್ಲ) 24 ಡಿಬಿ ಇಳಿಯುತ್ತೆ, ಸೀಲ್ಡ್ ಆದರೆ 12. ನಿಮ್ಮ ಸಬ್ ಚೆನ್ನಾಗಿದೆ. ಅಂಗಡಿಯವರ ಜೊತೆ ಜಗಳ ಬೇಡ.

ಈಗ ಕುರ್ಚಿಯನ್ನು ಹಿಂದಕ್ಕೆ ಸರಿಸಿ.

ಹುಬ್ಬಳ್ಳಿ_ಥಿಯೇಟರ್:
ಎರಡೂವರೆ ಅಡಿ ಹಿಂದೆ ಸರಿಸಿದೆ. 47ರ ಹೊಂಡ ತುಂಬಿತು! ಯುಎಸ್‌ಬಿ ಮೈಕಿನಲ್ಲಿ 30ರಲ್ಲೂ ಬಾಸ್ ಕಾಣ್ತಿದೆ. 56ರದ್ದು ಮಾತ್ರ ಹಾಗೇ ಇದೆ. ಅದನ್ನ ಇಕ್ಯೂ (ಈಕ್ವಲೈಜರ್) ಹಾಕಿ ಎತ್ತಲಾ?

ಡಬಲ್18_ಮೈಸೂರು:
10 ಡಿಬಿ ಬೂಸ್ಟ್ ಕೊಡಿ. ದೊಡ್ಡ ಆಂಪ್ ಇದ್ದರೆ ತಲೆಬಿಸಿ ಇಲ್ಲ.

ಕುಂದಾಪುರ_ಆಡಿಯೊ:
ಬೇಡ. 10 ಡಿಬಿ ಅಂದರೆ ಆಂಪಿನಿಂದ ಹತ್ತು ಪಟ್ಟು ವಾಟ್. ಅಷ್ಟು ಸುರಿದರೂ ಆ ಜಾಗದಲ್ಲಿ ಒತ್ತಡ ಹುಟ್ಟಲ್ಲ. ಇಕ್ಯೂ ಇರೋದು ಉಬ್ಬು ತಗ್ಗಿಸೋಕೆ. ನಮ್ಮ ಇಟ್ಟಿಗೆ ಗೋಡೆ, ಆರ್‌ಸಿಸಿ ತಾರಸಿ ಬಾಸನ್ನು ಹೊರಗೆ ಬಿಡೋದು ಕಮ್ಮಿ. ಅದಕ್ಕೇ ಉಬ್ಬು, ಹೊಂಡ ಎರಡೂ ಜೋರು.

ನೀವು ಅಗಲದ ನಡುವೆಯೇ ಕೂರುತ್ತೀರಿ, ಅದು ಬದಲಾಗಲ್ಲ. ಸಬ್ಬನ್ನು ಮೂಲೆಯಿಂದ ತೆಗೆದು ಮುಂದಿನ ಗೋಡೆಯ ಸರಿ ನಡುವೆ ಇಡಿ. ಆಗ 56ರ ಅಗಲದ ಮೋಡ್ ಏಳೋದೇ ಇಲ್ಲ.

ಹುಬ್ಬಳ್ಳಿ_ಥಿಯೇಟರ್:
ಅಲ್ಲಿ ಟಿವಿ ಯೂನಿಟ್ ಇದೆಯಲ್ಲ. ಬೇರೆ ಜಾಗ?

ಕುಂದಾಪುರ_ಆಡಿಯೊ:
ಸಬ್ಬನ್ನು ನಿಮ್ಮ ಕುರ್ಚಿಯ ಜಾಗದಲ್ಲಿಟ್ಟು, ಇಡಲು ಸಾಧ್ಯವಿರುವ ಪ್ರತಿ ಜಾಗದಲ್ಲೂ ನೆಲದ ಮೇಲೆ ಮೈಕ್ ಇಟ್ಟು 20ರಿಂದ 200ವರೆಗೆ ಸ್ವೀಪ್ ಮಾಡಿ. ಗೆರೆ ಎಲ್ಲಿ ಸಮ ಬರುತ್ತೋ ಸಬ್ ಅಲ್ಲಿಗೆ. ಗೆರೆ ನುಣುಪು ಮಾಡೋ ಸ್ಮೂದಿಂಗ್ ಹಾಕಬೇಡಿ, ಆರ್‌ಇಡಬ್ಲ್ಯೂ ಉಳಿಸೋ ಎಂಡ್ಯಾಟ್ ಫೈಲುಗಳನ್ನು ಇಲ್ಲೇ ಹಾಕಿ.

ವೈರಿಂಗ್_ರಾಜು:
ಸಬ್ ಜಾಗ ಬದಲಿಸಿದ ಮೇಲೆ ಲೆಫ್ಟ್, ರೈಟ್ ಸೇರಿಸಿ 80ರ ಸುತ್ತ ಒಮ್ಮೆ ಅಳೆಯಿರಿ. ಅಲ್ಲಿ ಹೊಂಡ ಬಂದರೆ ಪೊಲಾರಿಟಿ ತಿರುಗಿಸಿ.

ಕುಂದಾಪುರ_ಆಡಿಯೊ:
ಹೌದು, ಅದು ಮಾಡಲೇಬೇಕು. ಸ್ಪೀಕರ್ ವೈರ್ ವಾಪಸ್ ಹಾಕೋದು ಮರೀಬೇಡಿ.